ಬೋರ್ಡಿನ ಮೇಲಿನ ಅಕಾಡೆಮಿ, ಖಡಕ್‌ವಾಸ್ಲಾದ ಅಕಾಡೆಮಿ

ಪ್ರಶ್ನೆ: ಸಾರ್, ನಮ್ಮದು ಶಿಡ್ಲಘಟ್ಟ ತಾಲ್ಲೂಕು, ನೂಲು ಬಿಚ್ಚಾಣಿಕೆ ಕಸುಬು. ಮಗಳು ಚಿಕ್ಕಬಳ್ಳಾಪುರದಲ್ಲಿ ಪ್ರಥಮ ಪಿಯು, ಪಿಸಿಎಂಬಿ ಓದುತ್ತಿದ್ದಾಳೆ. ಹುಟ್ಟಿದ್ದು 2009ರ ಆಗಸ್ಟ್. ಮಿಲಿಟರಿ ಆಫೀಸರ್ ಆಗಬೇಕೆಂದು ಹಟ ಹಿಡಿದಿದ್ದಾಳೆ. ಪೇಟೆಯ ಒಂದು ಡಿಫೆನ್ಸ್ ಅಕಾಡೆಮಿಯವರು ಎರಡು ವರ್ಷಕ್ಕೆ 1.8 ಲಕ್ಷ ಕಟ್ಟಿ, ಇಲ್ಲಿ ಟ್ರೈನಿಂಗ್ ಮುಗಿಸಿದರೆ ನೇರ ಆಫೀಸರ್ ಎನ್ನುತ್ತಿದ್ದಾರೆ. ಮಗ ಬಿ.ಕಾಂ. ಕೊನೇ ವರ್ಷ, ಸಬ್ ಇನ್‌ಸ್ಪೆಕ್ಟರ್ ಆಗುವ ಆಸೆ. ನಮ್ಮ ಅಕ್ಕನ ಮಗನಿಗೆ ಹಡಗಿನ ಕೆಲಸ ಕೊಡಿಸುತ್ತೇನೆಂದು ಒಬ್ಬ ಏಜೆಂಟ್ 4 ಲಕ್ಷ ಕೇಳಿದ್ದಾನೆ. ಈ ಅಕಾಡೆಮಿಗಳು ನಿಜಕ್ಕೂ ಎಲ್ಲಿವೆ, ಯಾವುದಕ್ಕೆ ಎಷ್ಟು ದುಡ್ಡು? ಬಿಡಿಸಿ ಹೇಳಿ.

ಉತ್ತರ: ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಸೇನೆಯ ಅಧಿಕಾರಿಗಳನ್ನು ತಯಾರು ಮಾಡುವ ನಿಜವಾದ ಅಕಾಡೆಮಿಗಳಲ್ಲಿ ತರಬೇತಿಗೆ ಶುಲ್ಕವಿಲ್ಲ. ಊಟ, ವಸತಿ, ಓದು ಎಲ್ಲ ಸರ್ಕಾರದ್ದು. ಪುಣೆ ಪಕ್ಕದ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸೇರುವಾಗ ಕೈಖರ್ಚಿಗೆ, ಬಟ್ಟೆಬರೆಗೆ ತಂದೆ ತಾಯಿ ಒಂದಿಷ್ಟು ಕಟ್ಟಬೇಕಾಗುತ್ತದೆ, ಅಷ್ಟೇ. ಅಲ್ಲಿಂದ ಮುಂದೆ ಡೆಹ್ರಾಡೂನಿನ ಸೇನಾ ಅಕಾಡೆಮಿಗೆ ಹೋದಮೇಲೆ ತಿಂಗಳಿಗೆ 56,100 ರೂಪಾಯಿ ಅವರೇ ಕೊಡುತ್ತಾರೆ. ಪ್ರವೇಶ ಪರೀಕ್ಷೆಯ ಅರ್ಜಿಗೆ 100 ರೂಪಾಯಿ. ಹೆಣ್ಣುಮಕ್ಕಳಿಗೆ ಅದೂ ಇಲ್ಲ.

ಹಾಗಾದರೆ ಪೇಟೆಯಲ್ಲಿ ಬೋರ್ಡು ಹಾಕಿಕೊಂಡಿರುವವರು ಯಾರು? ಅದು ಕೋಚಿಂಗ್ ಸೆಂಟರ್. ಅಕಾಡೆಮಿ ಎಂಬ ಪದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ, ಡ್ಯಾನ್ಸ್ ಕಲಿಸುವವರೂ ಹಾಕಿಕೊಳ್ಳುತ್ತಾರೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಇಂಥವು ಬಹಳ. ಬೆಳಗಿನ ಜಾವ ಎಬ್ಬಿಸಿ ಓಡಿಸುತ್ತಾರೆ, ಅಗ್ನಿವೀರ್ ರ‍್ಯಾಲಿಗೆ, ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುತ್ತಾರೆ. ಅವರಲ್ಲಿ ಕೆಲವರು ನಿವೃತ್ತ ಹವಾಲ್ದಾರರು, ಸುಬೇದಾರರು, ಕೆಲಸದಲ್ಲಿ ನಿಯತ್ತಿನವರು. ನನ್ನ ತಕರಾರು ಅವರ ಓಟದ ಮೇಲಲ್ಲ, ‘ನೇರ ಆಫೀಸರ್’ ಎಂಬ ಮಾತಿನ ಮೇಲೆ. ಸಾಮಾನ್ಯ ಸೈನಿಕನ ಭರ್ತಿಯೇ ಬೇರೆ, ಅಧಿಕಾರಿಯ ಆಯ್ಕೆಯೇ ಬೇರೆ. ಎರಡನೆಯದಕ್ಕೆ ಯಾವ ಖಾಸಗಿ ಸೆಂಟರಿನ ಸರ್ಟಿಫಿಕೇಟೂ ಕಾಸಿಗೆ ಬರುವುದಿಲ್ಲ.

ಇನ್ನು ನಿಮ್ಮ ಮಗಳ ವಿಷಯ. ದುಡ್ಡಿಗಿಂತ ನನಗೆ ಅವಳ ಹುಟ್ಟಿದ ತಾರೀಖು ಮುಖ್ಯ. ಗೂಡು ತಂದು ಅಂಕಣದಲ್ಲಿ ಹಾಗೇ ಬಿಟ್ಟರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕೇ? ಚಿಟ್ಟೆ ತೂತು ಕೊರೆದು ಹೊರಗೆ ಬಂದಮೇಲೆ ಆ ಗೂಡಿನಿಂದ ಎಳೆ ಬರುವುದಿಲ್ಲ. ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌ಡಿಎ, ಹಾಗೆಯೇ. ಕೋರ್ಸ್ ಶುರುವಾಗುವ ದಿನಕ್ಕೆ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆಯೊಳಗೆ ಇರಬೇಕು. ಒಂದು ದಿನ ಹೆಚ್ಚಾದರೂ ಬಾಗಿಲು ಮುಚ್ಚಿತು. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ, ಸಾಮಾನ್ಯವಾಗಿ ಏಪ್ರಿಲ್ ಮತ್ತು ಸೆಪ್ಟೆಂಬರ್‌ನಲ್ಲಿ, ಪರೀಕ್ಷೆ ನಡೆಸುತ್ತದೆ. ಏಪ್ರಿಲ್‌ನಲ್ಲಿ ಬರೆದವರಿಗೆ ಮುಂದಿನ ಜನವರಿಯ ಕೋರ್ಸ್, ಸೆಪ್ಟೆಂಬರ್‌ನಲ್ಲಿ ಬರೆದವರಿಗೆ ಮುಂದಿನ ಜುಲೈ ಕೋರ್ಸ್. ನಿಮ್ಮ ಮಗಳಿಗೆ ಹತ್ತೊಂಬತ್ತೂವರೆ ತುಂಬುವುದು 2029ರ ಫೆಬ್ರವರಿಯಲ್ಲಿ. ಅಂದರೆ 2029ರ ಜನವರಿ ಕೋರ್ಸೇ ಕೊನೆಯದು. ಪ್ರಥಮ ಪಿಯುನಲ್ಲಿ ಇರುವವರು ಬರೆಯುವಂತಿಲ್ಲ, ದ್ವಿತೀಯ ಪಿಯು ಓದುತ್ತಿರುವವರು ಬರೆಯಬಹುದು. ಹೀಗೆ ಬೆರಳು ಮಡಚಿ ಎಣಿಸಿದರೆ 2026ರ ಸೆಪ್ಟೆಂಬರ್, 2027ರ ಏಪ್ರಿಲ್ ಮತ್ತು ಸೆಪ್ಟೆಂಬರ್, 2028ರ ಏಪ್ರಿಲ್: ಒಟ್ಟು ನಾಲ್ಕು ಅವಕಾಶ. ‘ಮೊದಲು ಪಿಯು ಮುಗೀಲಿ, ನೀಟ್ ಒಂದ್ಸಲ ನೋಡ್ಲಿ, ಆಮೇಲೆ ಯೋಚಿಸೋಣ’ ಎಂದು ಕೂತರೆ ಎರಡು ಆಗಲೇ ಹೋಗಿರುತ್ತವೆ. ನಮ್ಮ ಜಿಲ್ಲೆಗಳಿಂದ ನನ್ನ ಬಳಿ ಬರುವ ಹತ್ತು ಮಕ್ಕಳಲ್ಲಿ ಆರೇಳು ಮಂದಿ ಬರುವುದೇ ಡಿಗ್ರಿ ಎರಡನೇ ವರ್ಷದಲ್ಲಿ, ‘ಸಾರ್, ಎನ್‌ಡಿಎ ಮಾಡ್ಬೇಕು’ ಅಂತ. ಏನು ಹೇಳಲಿ?

ಹೆಣ್ಣುಮಗಳಿಗೆ ಎನ್‌ಡಿಎ ಸಿಗುತ್ತದೆಯೇ ಎಂಬ ಅನುಮಾನ ಮನೆಯಲ್ಲಿ ಇದ್ದೇ ಇರುತ್ತದೆ. ಸಿಗುತ್ತದೆ. 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು, 2022ರಲ್ಲಿ ಮೊದಲ ತಂಡ ಸೇರಿತು, 2025ರ ಮೇ ತಿಂಗಳಲ್ಲಿ 17 ಯುವತಿಯರು ಹುಡುಗರ ಜೊತೆಗೇ ಪಥಸಂಚಲನ ಮಾಡಿ ಹೊರಬಂದರು. ಸ್ಥಾನಗಳು ಮಾತ್ರ ಬೆರಳೆಣಿಕೆ. 2025ರ ಮೊದಲ ಅಧಿಸೂಚನೆಯಲ್ಲಿ ಒಟ್ಟು 406 ಸ್ಥಾನಗಳಿದ್ದವು. ಅದರಲ್ಲಿ ಭೂಸೇನೆಯ 208ಕ್ಕೆ ಹುಡುಗಿಯರಿಗೆ 10. ಪಿಸಿಎಂಬಿ ತೆಗೆದುಕೊಂಡದ್ದು ಒಳ್ಳೆಯದಾಯಿತು. ಭೂಸೇನೆಗೆ ಯಾವ ವಿಭಾಗದ ಪಿಯು ಆದರೂ ನಡೆಯುತ್ತದೆ, ವಾಯುಸೇನೆ ಮತ್ತು ನೌಕಾಸೇನೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕೇ ಬೇಕು.

ಲಿಖಿತ ಪರೀಕ್ಷೆ 900 ಅಂಕದ್ದು. ಗಣಿತ 300, ಸಾಮಾನ್ಯ ಸಾಮರ್ಥ್ಯ 600, ಆ 600ರಲ್ಲಿ ಇಂಗ್ಲಿಷಿಗೇ 200. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ನಿಜವಾದ ಅನ್ಯಾಯವೇ, ನಾನೂ ಅದನ್ನು ಉಂಡವನು. ಆದರೂ ಹೆದರಬೇಡಿ. ಇತ್ತೀಚಿನ ವರ್ಷಗಳಲ್ಲಿ ಲಿಖಿತದ ಕಟ್‌ಆಫ್ 300ರ ಆಸುಪಾಸಿನಲ್ಲೇ ಓಡಾಡಿದೆ. ಪಿಯು ಗಣಿತವನ್ನು ಗೈಡ್ ನಂಬದೆ ಓದಿದ ಮಗು, ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆಂಬುದನ್ನು ನೆನಪಿಟ್ಟುಕೊಂಡರೆ, ಇದನ್ನು ದಾಟುತ್ತದೆ. ಕೋಚಿಂಗ್ ಬೇಕೆನಿಸಿದರೆ ಗಣಿತ, ಇಂಗ್ಲಿಷಿಗೆ ಊರಲ್ಲೇ ಒಳ್ಳೆಯ ಲೆಕ್ಚರರ್ ಹಿಡಿಯಿರಿ. 1.8 ಲಕ್ಷ ಅದಕ್ಕೆ ಬೇಕಾಗುವುದಿಲ್ಲ.

ಮಕ್ಕಳು ಉರುಳುವುದು ಆಮೇಲೆ, ಎಸ್‌ಎಸ್‌ಬಿಯಲ್ಲಿ, ಅಂದರೆ ಅಧಿಕಾರಿಗಳನ್ನು ಆರಿಸುವ ಮಂಡಳಿಯ ಮುಂದೆ. ಅದಕ್ಕೂ 900 ಅಂಕ. ಐದು ದಿನ ಅಲ್ಲೇ ಉಳಿಸಿಕೊಂಡು ನೋಡುತ್ತಾರೆ. ಭೂಸೇನೆಯ ಆಯ್ಕೆ ಕೇಂದ್ರ ಬೆಂಗಳೂರಿನಲ್ಲೇ ಒಂದಿದೆ, ವಾಯುಸೇನೆಯದು ಮೈಸೂರಿನಲ್ಲಿ. ಆದರೆ ನಮ್ಮ ಮಕ್ಕಳನ್ನು ಭೋಪಾಲಕ್ಕೋ ಪ್ರಯಾಗರಾಜಕ್ಕೋ ಕರೆದರೂ ಆಶ್ಚರ್ಯವಿಲ್ಲ. ಮೊದಲ ಸಲ ಹೋಗುವವರಿಗೆ ರೈಲು ಚಾರ್ಜು ಕೊಡುತ್ತಾರೆ. ಮೊದಲ ದಿನವೇ ಒಂದು ಮಸುಕು ಚಿತ್ರ ತೋರಿಸಿ ಕಥೆ ಬರೆಸಿ, ಗುಂಪಿನಲ್ಲಿ ಚರ್ಚೆಗೆ ಬಿಟ್ಟು, ಅರ್ಧಕ್ಕಿಂತ ಹೆಚ್ಚು ಜನರನ್ನು ಮಧ್ಯಾಹ್ನದೊಳಗೆ ಮನೆಗೆ ಕಳಿಸುವುದು ಮಾಮೂಲು. ಉಳಿದವರಿಗೆ ಮನಶ್ಶಾಸ್ತ್ರದ ಪರೀಕ್ಷೆ: 60 ಪದಗಳು, ಒಂದೊಂದಕ್ಕೆ 15 ಸೆಕೆಂಡು, ಮನಸ್ಸಿಗೆ ಬಂದ ವಾಕ್ಯ ಬರೆಯಬೇಕು. ಆಮೇಲೆ ಬಯಲಿನಲ್ಲಿ ಹಲಗೆ, ಹಗ್ಗ, ಪೀಪಾಯಿ ಕೊಟ್ಟು ಗುಂಪಾಗಿ ಹಳ್ಳ ದಾಟಿ ಎನ್ನುತ್ತಾರೆ. ಕೂಗಾಡಿ ಮುಂದಾಳು ಆಗಲು ಹೋದವರನ್ನೂ ನೋಡುತ್ತಾರೆ, ಸದ್ದಿಲ್ಲದೆ ಹಲಗೆಯ ಇನ್ನೊಂದು ತುದಿ ಹಿಡಿದವರನ್ನೂ ನೋಡುತ್ತಾರೆ.

ನನ್ನ ಕಥೆ ಹೇಳುತ್ತೇನೆ. ನಾನು ಶಿರಾ ತಾಲ್ಲೂಕಿನವನು, ಅಪ್ಪ ಕಡಲೆಕಾಯಿ ಬೆಳೆಯುತ್ತಿದ್ದರು. ಮೊದಲ ಎಸ್‌ಎಸ್‌ಬಿಗೆ ಹೋಗುವ ಮೊದಲು ಪ್ರಪಂಚದ ರಾಜಧಾನಿಗಳನ್ನೆಲ್ಲ ಬಾಯಿಪಾಠ ಮಾಡಿದ್ದೆ. ಇಂಟರ್‌ವ್ಯೂನಲ್ಲಿ ಕೂತಿದ್ದ ಕರ್ನಲ್ ಸಾಹೇಬರು ಒಂದೂ ರಾಜಧಾನಿ ಕೇಳಲಿಲ್ಲ. ಅಪ್ಪ ಏನು ಮಾಡುತ್ತಾರೆ ಎಂದರು. ಹೇಳಿದೆ. ಈ ಸಲ ಕಡಲೆಕಾಯಿ ಕ್ವಿಂಟಲಿಗೆ ಎಷ್ಟು ಸಿಕ್ಕಿತು? ಗೊತ್ತಿಲ್ಲ. ಬಿತ್ತನೆ ಬೀಜಕ್ಕೆ ಎಷ್ಟು ಖರ್ಚಾಯಿತು? ಗೊತ್ತಿಲ್ಲ. ಮಳೆ ಕೈಕೊಟ್ಟಾಗ ಸಾಲ ಯಾರ ಹತ್ತಿರ ತಂದರು? ಅದೂ ಗೊತ್ತಿಲ್ಲ. ಅವರು ಬೈಯಲಿಲ್ಲ, ನಗಲೂ ಇಲ್ಲ, ಫೈಲ್ ಮೇಲೆ ಏನೋ ಬರೆದುಕೊಂಡರು. ಐದನೇ ದಿನ ಆಯ್ಕೆಯಾದವರ ಚೆಸ್ಟ್ ನಂಬರ್ ಕರೆಯುವಾಗ ನನ್ನದು ಬರಲಿಲ್ಲ. ವಾಪಸ್ ಬಂದವನು ಆ ವರ್ಷ ಅಪ್ಪನ ಜೊತೆ ಮೂರು ಸಲ ಎಪಿಎಂಸಿಗೆ ಹೋದೆ, ತಕ್ಕಡಿ ಹತ್ತಿರ ನಿಂತೆ. ಎರಡನೇ ಸಲ ಆಯ್ಕೆಯಾದೆ. ಕಡಲೆಕಾಯಿ ರೇಟಿನಿಂದಲೇ ಆಯಿತು ಎಂದು ಹೇಳುತ್ತಿಲ್ಲ, ಮನೆಯ ಕಷ್ಟ ಗೊತ್ತಿಲ್ಲದವನ ಕೈಗೆ ಮೂವತ್ತು ಜನ ಸೈನಿಕರನ್ನು ಹೇಗೆ ಕೊಡುತ್ತಾರೆ ಎಂಬುದು ನನಗೆ ಅರ್ಥವಾಯಿತು. ಅದಕ್ಕೇ ಹೇಳುತ್ತಿರುವುದು: ಮಗಳನ್ನು ರಜೆಯಲ್ಲಿ ಗೂಡು ಮಾರುಕಟ್ಟೆಗೆ ಕರೆದುಕೊಂಡು ಹೋಗಿ. ಬೈವೋಲ್ಟೀನ್ ಗೂಡಿಗೂ ಮಿಶ್ರತಳಿ ಗೂಡಿಗೂ ರೇಟಿನಲ್ಲಿ ಯಾಕೆ ವ್ಯತ್ಯಾಸ, ಹರಾಜಿನಲ್ಲಿ ನೀವು ಯಾವ ಲಾಟು ಬಿಡುತ್ತೀರಿ, ಯಾವುದನ್ನು ಹಿಡಿಯುತ್ತೀರಿ, ಅವಳಿಗೆ ಗೊತ್ತಿರಲಿ. ಬಿಸಿನೀರಿನ ಬಟ್ಟಲಲ್ಲಿ ಕೈಯಿಟ್ಟು ಕೂರುವ ಹೆಂಗಸಿನ ಬೆರಳು ಸಂಜೆಗೆ ಹೇಗಾಗಿರುತ್ತದೆ ಎಂಬುದನ್ನೂ ನೋಡಲಿ.

ಆಯ್ಕೆಯಾದರೆ ವೈದ್ಯಕೀಯ ಪರೀಕ್ಷೆ. ಇದನ್ನು ಕೊನೆಗೆ ನೋಡಿಕೊಳ್ಳೋಣ ಎಂದು ಬಿಡಬೇಡಿ, ಈಗಲೇ ಒಬ್ಬ ಡಾಕ್ಟರಿಗೆ ತೋರಿಸಿ. ಕಣ್ಣು ಬಣ್ಣಗಳನ್ನು ಗುರುತಿಸುವುದು, ಚಪ್ಪಟೆ ಪಾದ, ನಿಂತಾಗ ಮಂಡಿ ತಾಗುವುದು, ಕಿವಿ, ತೂಕ. ಕನ್ನಡಕ ಬಿಡಿಸಲು ಇಪ್ಪತ್ತು ತುಂಬುವ ಮೊದಲೇ ಲೇಸರ್ ಮಾಡಿಸಿದರೆ ಅದನ್ನು ಒಪ್ಪುವುದಿಲ್ಲ, ಬುದ್ಧಿವಂತಿಕೆ ಮಾಡಲು ಹೋಗಿ ಕೆಡಿಸಿಕೊಂಡವರಿದ್ದಾರೆ. ಹಚ್ಚೆ ಬೇಡವೇ ಬೇಡ. ನಮ್ಮ ಕಡೆಗೇ ವಿಶೇಷವಾದದ್ದು ಹಲ್ಲು. ಚಿಕ್ಕಬಳ್ಳಾಪುರ, ಕೋಲಾರ, ಪಾವಗಡದ ಕೊಳವೆಬಾವಿ ನೀರಿನ ಫ್ಲೋರೈಡ್‌ನಿಂದ ಹಲ್ಲು ಕಂದು ಬಣ್ಣಕ್ಕೆ ತಿರುಗಿದ ಮಕ್ಕಳು ಎಷ್ಟೋ. ಸೇನೆಯಲ್ಲಿ ಹಲ್ಲಿಗೆ ಅಂಕ ಹಾಕುತ್ತಾರೆ, ಗಟ್ಟಿಯಾಗಿ ಕೆಲಸ ಮಾಡುವ ಹಲ್ಲುಗಳಿಂದ ಕನಿಷ್ಠ 14 ಪಾಯಿಂಟ್ ಬರಬೇಕು. ದಂತವೈದ್ಯರ ಹತ್ತಿರ ಹುಳುಕು, ವಸಡು ಈಗಲೇ ಸರಿಮಾಡಿಸಿ.

ಇನ್ನು ಅಕಾಡೆಮಿಗಳು. 1949ರ ಜನವರಿಯಲ್ಲಿ ಡೆಹ್ರಾಡೂನಿನಲ್ಲಿ ಮೂರೂ ಸೇನೆಗಳ ಹುಡುಗರನ್ನು ಒಟ್ಟಿಗೆ ಕಲಿಸುವ ಪ್ರಯೋಗವಾಗಿ ಶುರುವಾದದ್ದು 1955ರಲ್ಲಿ ಖಡಕ್‌ವಾಸ್ಲಾಕ್ಕೆ ಬಂತು. ಅದೇ ಎನ್‌ಡಿಎ. ಮೂರು ವರ್ಷ, ಆರು ಟರ್ಮ್, ಕೊನೆಗೆ ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದ ಪದವಿ. ಅಲ್ಲಿಂದ ದಾರಿ ಮೂರು ಕವಲಾಗುತ್ತದೆ. ಭೂಸೇನೆಯವರು ಒಂದು ವರ್ಷ ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿಗೆ. 1932ರಲ್ಲಿ 40 ಹುಡುಗರೊಂದಿಗೆ ಆರಂಭವಾದ ಸಂಸ್ಥೆ ಅದು. ವಾಯುಸೇನೆಯವರು ಹೈದರಾಬಾದ್ ಪಕ್ಕದ ದುಂಡಿಗಲ್‌ಗೆ. 2016ರ ಜೂನ್‌ನಲ್ಲಿ ದೇಶದ ಮೊದಲ ಮೂವರು ಮಹಿಳಾ ಯುದ್ಧವಿಮಾನ ಪೈಲಟ್‌ಗಳು ಅಲ್ಲಿಂದಲೇ ಹೊರಬಂದದ್ದು. ನೌಕಾಸೇನೆಯವರು ಏಳಿಮಲಕ್ಕೆ. ಮಂಗಳೂರು ದಾಟಿ ಕೇರಳದ ಪಯ್ಯನ್ನೂರಿನ ಬಳಿ, ಸಮುದ್ರಕ್ಕೆ ಚಾಚಿದ ಗುಡ್ಡದ ಬುಡದಲ್ಲಿ 2009ರಲ್ಲಿ ಉದ್ಘಾಟನೆಯಾದದ್ದು. ನಮಗೆ ಎಲ್ಲಕ್ಕಿಂತ ಹತ್ತಿರ ಚೆನ್ನೈನ ಅಧಿಕಾರಿ ತರಬೇತಿ ಅಕಾಡೆಮಿ, ಒಟಿಎ. 1963ರದ್ದು, ಪದವಿ ಮುಗಿಸಿ ಅಲ್ಪಾವಧಿ ಸೇವೆಗೆ ಬರುವವರಿಗೆ 49 ವಾರದ ತರಬೇತಿ. 1992ರಿಂದ ಹೆಣ್ಣುಮಕ್ಕಳೂ ಅಲ್ಲಿದ್ದಾರೆ. ನಾನು ತರಬೇತಿ ಪಡೆದದ್ದು ಅಲ್ಲೇ.

ಅಲ್ಲಿ ಏನು ಕಲಿಸುತ್ತಾರೆ ಎಂದು ಕೇಳಿದರೆ ಕವಾಯತು, ಬಂದೂಕು, ನಕ್ಷೆ ಓದುವುದು, ಬೆನ್ನ ಮೇಲೆ ಭಾರ ಹೊತ್ತು ರಾತ್ರಿಯೆಲ್ಲ ನಡೆಯುವುದು ಎಂದು ಪಟ್ಟಿ ಹೇಳಬಹುದು. ನನ್ನ ನೆನಪಿನಲ್ಲಿ ಉಳಿದಿರುವುದು ಈಜುಕೊಳ. ಶಿರಾ ಕೆರೆ ತುಂಬಿದ್ದನ್ನು ನಾನು ಹುಡುಗನಾಗಿದ್ದಾಗ ಕಂಡದ್ದೇ ಎರಡು ಸಲ. ಈಜು ಎಲ್ಲಿಂದ ಬರಬೇಕು? ಎತ್ತರದ ಹಲಗೆಯ ಮೇಲೆ ನಿಲ್ಲಿಸಿ ಹಾರು ಎಂದಾಗ ಕಾಲು ಅಂಟಿಕೊಂಡಿತು. ಹಿಂದೆ ನಿಂತಿದ್ದ, ಕಲಿಸುವ ಉಸ್ತಾದರು ಕಿವಿಯ ಹತ್ತಿರ, ‘ಸಾಹಬ್, ನೀರು ನಿಮ್ಮನ್ನು ಕಾಯುತ್ತಿದೆ’ ಎಂದು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಹೇಳಿದರು. ಮರ್ಯಾದೆ ಆ ಮಾತಿನಲ್ಲಿ ಮಾತ್ರ ಇತ್ತು. ಆರು ವಾರ, ಎಲ್ಲರೂ ಊಟಕ್ಕೆ ಹೋದಮೇಲೆ, ಈಜು ಬಾರದ ನಾವು ಏಳು ಜನ ನೀರಿನಲ್ಲಿರುತ್ತಿದ್ದೆವು. ಏಳರಲ್ಲಿ ನಾಲ್ವರು ಬಯಲುಸೀಮೆಯವರು. ಮಗಳಿಗೆ ಈಜು ಬರದಿದ್ದರೆ ಈ ಬೇಸಿಗೆಯಲ್ಲೇ ಕಲಿಸಿ, ಕೋಚಿಂಗಿಗಿಂತ ಅದು ಮೇಲು.

ಒಂದು ಕಹಿ ವಿಷಯ ಬಚ್ಚಿಡಬಾರದು. ತರಬೇತಿಯಲ್ಲಿ ಪಾಠದಲ್ಲೋ ದೈಹಿಕ ಪರೀಕ್ಷೆಯಲ್ಲೋ ಹಿಂದೆ ಬಿದ್ದರೆ ಒಂದು ಟರ್ಮ್ ಹಿಂದಕ್ಕೆ ಹಾಕುತ್ತಾರೆ, ಅದಕ್ಕೆ ರೆಲಿಗೇಷನ್ ಎನ್ನುತ್ತಾರೆ. ಅದನ್ನು ತಡೆದುಕೊಳ್ಳಬಹುದು. ದೊಡ್ಡ ಪೆಟ್ಟಾಗಿ ವೈದ್ಯಕೀಯ ಕಾರಣಕ್ಕೆ ಮನೆಗೆ ಕಳಿಸಿದರೆ ಕಷ್ಟ. ಕೆಡೆಟ್, ಅಂದರೆ ತರಬೇತಿಯಲ್ಲಿರುವವರು, ಇನ್ನೂ ಅಧಿಕಾರಿಯಾಗಿರುವುದಿಲ್ಲ, ಹಾಗಾಗಿ ಮಾಜಿ ಸೈನಿಕನ ಸವಲತ್ತುಗಳು ಅವರಿಗೆ ಸಿಗುತ್ತಿರಲಿಲ್ಲ. 2025ರಲ್ಲಿ ಸುಪ್ರೀಂ ಕೋರ್ಟ್ ಈ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡಿತು. ತಡವಾಗಿಯಾದರೂ ಯಾರೋ ಕೇಳಿದರು ಎಂಬ ಸಮಾಧಾನ ನನ್ನಂಥವರಿಗೆ.

ಎನ್‌ಡಿಎ ಆಗದಿದ್ದರೆ ಮುಗಿಯಿತೇ? ಇಲ್ಲ. ಪದವಿಯ ನಂತರ ಯುಪಿಎಸ್‌ಸಿಯ ಸಿಡಿಎಸ್ ಪರೀಕ್ಷೆ ಬರೆದು ಒಟಿಎಗೆ, ವಾಯುಸೇನೆಯ ಎಎಫ್‌ಕ್ಯಾಟ್ ಪರೀಕ್ಷೆ ಬರೆದು ದುಂಡಿಗಲ್‌ಗೆ ಹೋಗಬಹುದು. ಎನ್‌ಸಿಸಿ ‘ಸಿ’ ಸರ್ಟಿಫಿಕೇಟ್ ಒಳ್ಳೆಯ ಗ್ರೇಡಿನಲ್ಲಿದ್ದರೆ ಲಿಖಿತ ಪರೀಕ್ಷೆಯೇ ಇಲ್ಲದೆ ಎಸ್‌ಎಸ್‌ಬಿಗೆ ಕರೆಯುವ ಪ್ರವೇಶವೂ ಇದೆ. ಡಿಗ್ರಿ ಕಾಲೇಜು ಆರಿಸುವಾಗ ಅಲ್ಲಿ ಎನ್‌ಸಿಸಿ ಇದೆಯೇ ಎಂದು ಕೇಳಿ.

ಮಗನ ವಿಷಯ ಚಿಕ್ಕದಾಗಿ. ಪಿಎಸ್‌ಐ ಆಯ್ಕೆಗೂ ಯಾವ ಅಕಾಡೆಮಿಯ ಸರ್ಟಿಫಿಕೇಟ್ ಬೇಕಿಲ್ಲ. ದೈಹಿಕ ಪರೀಕ್ಷೆ, ಆಮೇಲೆ ಎರಡು ಪತ್ರಿಕೆ: ಪ್ರಬಂಧ, ಭಾಷಾಂತರದಂಥದ್ದಕ್ಕೆ 50, ಸಾಮಾನ್ಯ ಜ್ಞಾನಕ್ಕೆ 150 ಅಂಕ. ಗಂಡುಮಕ್ಕಳಿಗೆ ಎತ್ತರ 168 ಸೆಂಟಿಮೀಟರ್, 1600 ಮೀಟರ್ ಓಟ 7 ನಿಮಿಷದೊಳಗೆ. ಆಯ್ಕೆಯಾದವರಿಗೆ ತರಬೇತಿ ಸರ್ಕಾರದ್ದೇ, ಮೈಸೂರಿನ ಕರ್ನಾಟಕ ಪೊಲೀಸ್ ಅಕಾಡೆಮಿ ಅದರಲ್ಲಿ ಹೆಸರಾದದ್ದು. ಕೆಪಿಎಸ್‌ಸಿ ಮೂಲಕ ಡಿವೈಎಸ್‌ಪಿ ಆದವರೂ ಅಲ್ಲಿಗೇ ಹೋಗುತ್ತಾರೆ. ಐಪಿಎಸ್‌ನವರದು ಹೈದರಾಬಾದಿನ ಸರ್ದಾರ್ ವಲ್ಲಭಭಾಯಿ ಪಟೇಲ್ ರಾಷ್ಟ್ರೀಯ ಪೊಲೀಸ್ ಅಕಾಡೆಮಿ. 1948ರಲ್ಲಿ ಮೌಂಟ್ ಅಬುವಿನಲ್ಲಿ ಶುರುವಾಗಿ 1975ರಲ್ಲಿ ಹೈದರಾಬಾದಿಗೆ ಬಂದದ್ದು. ಸೀಟು ಕೊಡಿಸುತ್ತೇನೆಂದು ಯಾರಾದರೂ ಬಂದರೆ 545 ಪಿಎಸ್‌ಐ ಹುದ್ದೆಗಳ ಕಥೆ ನೆನಪಿಸಿ. 2021ರಲ್ಲಿ ಬರೆದ ಪರೀಕ್ಷೆ ಅಕ್ರಮದಿಂದ ರದ್ದಾಗಿ, ಮರುಪರೀಕ್ಷೆ ಆದದ್ದು 2024ರ ಜನವರಿಯಲ್ಲಿ. ಓದಿ ಬರೆದವರ ಎರಡು ವರ್ಷವನ್ನೂ ದುಡ್ಡು ಕೊಟ್ಟವರು ನುಂಗಿದರು. ಮಗನಿಗೆ ನಾನು ಇನ್ನೊಂದನ್ನೂ ಸೂಚಿಸುತ್ತೇನೆ: ಕೇಂದ್ರದ ಅರೆಸೇನಾ ಪಡೆಗಳಿಗೆ ಅಧಿಕಾರಿಗಳನ್ನು ಆರಿಸುವ ಯುಪಿಎಸ್‌ಸಿಯ ಅಸಿಸ್ಟೆಂಟ್ ಕಮಾಂಡೆಂಟ್ ಪರೀಕ್ಷೆ. ವಯಸ್ಸು 20ರಿಂದ 25. ಬಿಎಸ್‌ಎಫ್ ಸಿಕ್ಕರೆ ತರಬೇತಿ ಗ್ವಾಲಿಯರ್ ಪಕ್ಕದ ಟೇಕನ್‌ಪುರದಲ್ಲಿ, ಸಿಐಎಸ್‌ಎಫ್ ಆದರೆ ಹೈದರಾಬಾದಿನಲ್ಲಿ. ನಮ್ಮ ಕಡೆ ಇದನ್ನು ಬರೆಯುವವರೇ ಕಡಿಮೆ, ಯಾಕೋ ಗೊತ್ತಿಲ್ಲ.

ಹಡಗಿನ ಏಜೆಂಟನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಮರ್ಚೆಂಟ್ ನೇವಿ ಎಂದರೆ ನೌಕಾಸೇನೆಯಲ್ಲ, ಸರಕು ಸಾಗಿಸುವ ಕಂಪನಿ ಹಡಗುಗಳ ಕೆಲಸ. ಇಲ್ಲಿ ಓದಿಗೆ ಶುಲ್ಕ ಉಂಟು, ಲಕ್ಷಗಳಲ್ಲೇ ಉಂಟು, ಅದಕ್ಕೇ ಮೋಸಕ್ಕೂ ಜಾಗ ಹೆಚ್ಚು. ಸರಿಯಾದ ದಾರಿ ಎಂದರೆ ಪಿಯುನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಸೇರಿ 60 ಪರ್ಸೆಂಟ್, ಆಮೇಲೆ ಭಾರತೀಯ ಸಾಗರ ವಿಶ್ವವಿದ್ಯಾಲಯದ (ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿ) ಪ್ರವೇಶ ಪರೀಕ್ಷೆ. 2008ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯದ ಕೇಂದ್ರ ಚೆನ್ನೈನಲ್ಲಿದೆ. ಕೊಚ್ಚಿ, ಮುಂಬೈ, ವಿಶಾಖಪಟ್ಟಣ, ಕೋಲ್ಕತ್ತಾದಲ್ಲೂ ಕ್ಯಾಂಪಸ್‌ಗಳಿವೆ. ಡೆಕ್ ಕಡೆಗೆ, ಅಂದರೆ ಹಡಗು ನಡೆಸುವ ಕೆಲಸಕ್ಕೆ, ಹೋಗುವವನಿಗೆ ಕಣ್ಣು ಪಕ್ಕಾ ಇರಬೇಕು, ಕೆಂಪು ಹಸಿರು ದೀಪ ಬೇರೆಬೇರೆಯಾಗಿ ಕಾಣದವನ ಕೈಗೆ ರಾತ್ರಿ ಹಡಗು ಕೊಡುವುದಿಲ್ಲ. ಸಂಸ್ಥೆ ಯಾವುದೇ ಇರಲಿ, ಹಡಗು ವ್ಯವಹಾರ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಕಚೇರಿಯಾದ ಡಿಜಿ ಶಿಪ್ಪಿಂಗ್‌ನ ಮಾನ್ಯತೆ ಪಡೆದವರ ಪಟ್ಟಿಯಲ್ಲಿ ಅದರ ಹೆಸರಿದೆಯೇ ನೋಡಿ. ಕೋರ್ಸ್ ಮುಗಿದಮೇಲೆ ಹಡಗು ಹತ್ತಿಸುವ ಕಂಪನಿಯ ಪ್ರಾಯೋಜಕತ್ವ ಮೊದಲೇ ಸಿಕ್ಕಿದೆಯೇ ಎಂದು ಕೇಳಿ. ಅದು ಇಲ್ಲದೆ ಕೋರ್ಸ್ ಮುಗಿಸಿ ಮುಂಬೈನಲ್ಲಿ ರೂಮು ಮಾಡಿಕೊಂಡು ವರ್ಷಗಟ್ಟಲೆ ಕಾದವರನ್ನು ನೋಡಿದ್ದೇನೆ. ಕೆಲಸಕ್ಕೆ ಸೇರಿಸುವ ಏಜೆನ್ಸಿಗೆ ಆರ್‌ಪಿಎಸ್‌ಎಲ್ ಎಂಬ ಲೈಸೆನ್ಸ್ ಇರಬೇಕು, ಮತ್ತು ಲೈಸೆನ್ಸ್ ಇರುವವರು ಕೆಲಸ ಕೊಡಿಸಿದ್ದಕ್ಕೆ ನಾವಿಕನಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ನಿಮ್ಮ ಅಕ್ಕನ ಮಗನ ಏಜೆಂಟ್ 4 ಲಕ್ಷ ಕೇಳಿದ್ದೇ ಅವನ ಜಾತಕ.

ಕೊನೆಗೆ ಈ ವಾರವೇ ಮಾಡಬೇಕಾದ ಕೆಲಸ. ಮಗಳ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಆಧಾರ್ ಪಕ್ಕಪಕ್ಕ ಇಟ್ಟುಕೊಂಡು ನೋಡಿ. ಯುಪಿಎಸ್‌ಸಿ ಹುಟ್ಟಿದ ತಾರೀಖಿಗೆ ನಂಬುವುದು ಹತ್ತನೇ ತರಗತಿಯ ದಾಖಲೆಯನ್ನೇ. ನಮ್ಮಲ್ಲಿ ಇನಿಶಿಯಲ್ ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಅಪ್ಪನ ಪೂರ್ತಿ ಹೆಸರು. ಕಳೆದ ವರ್ಷ ಚಿಂತಾಮಣಿ ಕಡೆಯ ಒಬ್ಬ ಹುಡುಗ ಎಲ್ಲ ಪಾಸಾಗಿ, ಒಂದು ‘ಎನ್’ ಅಕ್ಷರಕ್ಕಾಗಿ ಅಫಿಡವಿಟ್ ಹಿಡಿದುಕೊಂಡು ತಿಂಗಳುಗಟ್ಟಲೆ ಅಲೆದ. ತಿದ್ದುಪಡಿ ಬೇಕಿದ್ದರೆ ಪ್ರೌಢಶಾಲೆಯ ಹೆಡ್‌ಮಾಸ್ಟರ್ ಹತ್ತಿರ ಈಗಲೇ ಅರ್ಜಿ ಕೊಡಿ, ಸ್ವೀಕೃತಿಯ ಸಹಿ ಹಾಕಿಸಿಕೊಂಡೇ ಬನ್ನಿ.